ಕೂಸಿನ ಲಂಗೋಟಿ ಮೆತ್ತಗಿರಲಿ: ಗಡಸು ನೀರಿನಲ್ಲಿ ಬಟ್ಟೆ ಒಗೆಯುವ ಕ್ರಮ

ಹತ್ತಿ ಬೆಳೆಯುವ ನಾಡಿನಲ್ಲಿ ಕೂಸಿಗೆ ಹತ್ತಿ ಬಟ್ಟೆಯ ಕೊರತೆ ಇಲ್ಲ. ಹಳೆಯ ಧೋತರ, ಸವೆದ ನೂಲಿನ ಸೀರೆ ಹರಿದು ಲಂಗೋಟಿ ಮಾಡುವುದು ಧಾರವಾಡ ಸೀಮೆಯ ಮನೆಮನೆಯ ರೂಢಿ. ಈ ಬಟ್ಟೆ ಮೊದಲು ಬೆಣ್ಣೆಯಂತೆ ಮೆತ್ತಗಿರುತ್ತದೆ. ಎರಡು ತಿಂಗಳು ಒಗೆದ ಮೇಲೆ ಅದೇ ಬಟ್ಟೆ ಖಡಕ್ ರೊಟ್ಟಿಯಂತೆ ಬಿರುಸಾಗುತ್ತದೆ, ನೀರು ಹೀರುವುದನ್ನು ಕಡಿಮೆ ಮಾಡುತ್ತದೆ. ಕೂಸಿನ ತೊಡೆ ಸಂದು ಕೆಂಪಾಗುತ್ತದೆ. ಬಟ್ಟೆ ಸ್ವಚ್ಛವಾಗಿಲ್ಲವೆಂದು ತಿಳಿದು ಮನೆಯವರು ಮರುದಿನ ಇನ್ನಷ್ಟು ಸೋಪು ಹಾಕಿ ತಿಕ್ಕುತ್ತಾರೆ. ಬಟ್ಟೆ ಇನ್ನಷ್ಟು ಬಿರುಸಾಗುತ್ತದೆ.

ಇಲ್ಲಿ ತಪ್ಪು ಒಗೆಯುವವರದಲ್ಲ, ಹತ್ತಿಯದೂ ಅಲ್ಲ. ಬಹುತೇಕ ಮನೆಗಳಲ್ಲಿ ಇದಕ್ಕೆ ಮುಖ್ಯ ಕಾರಣ ನೀರು. ಬೋರವೆಲ್ ನೀರಿನಲ್ಲಿರುವ ಸುಣ್ಣದ ಅಂಶ ಸೋಪಿನೊಡನೆ ಕೂಡಿ ನೂಲಿನ ಎಳೆಗಳ ಮೇಲೆ ಕೂರುತ್ತದೆ. ಆದ್ದರಿಂದ ಉಪಾಯವನ್ನು ಸೋಪಿನಲ್ಲಿ ಹುಡುಕದೆ ನೀರಿನಲ್ಲಿ ಹುಡುಕಬೇಕು. ಬೆಳೆಗೆ ಗೊಬ್ಬರವನ್ನು ಅಳೆದು ಕೊಡುವ ರೈತ ಕುಟುಂಬಕ್ಕೆ ಈ ಕೆಲಸ ಕಠಿಣವಲ್ಲ.

ಬಟ್ಟೆ ಬಿರುಸಾಗುವುದು ಏಕೆ?

ಮಳೆಯ ನೀರು ನೆಲಕ್ಕೆ ಬೀಳುವಾಗ ಅದರಲ್ಲಿ ಲವಣಗಳು ಇಲ್ಲವೆನ್ನುವಷ್ಟು ಕಡಿಮೆ. ಮಣ್ಣು ಮತ್ತು ಬಂಡೆಗಳ ಬಿರುಕಿನಲ್ಲಿ ಇಳಿಯುತ್ತ ಹೋದಂತೆ ಅದು ಕ್ಯಾಲ್ಸಿಯಂ ಮತ್ತು ಮೆಗ್ನೇಸಿಯಂ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಇಂಥ ನೀರಿಗೆ ಗಡಸು ನೀರು ಎನ್ನುತ್ತೇವೆ. ಸ್ನಾನದ ಹಂಡೆಯ ಒಳಗೆ ಕಟ್ಟುವ ಬಿಳಿ ಪದರು, ಎಷ್ಟು ಹೊತ್ತು ಕುದಿಸಿದರೂ ಬೇಯದ ತೊಗರಿ ಬೇಳೆ, ತಲೆಗೆ ಹಚ್ಚಿದ ಸೋಪು ನೊರೆಯಾಗದೆ ಜಿಗುಟಾಗುವುದು ಇವೆಲ್ಲ ಗಡಸು ನೀರಿನ ಲಕ್ಷಣಗಳು.

ಸೋಪು ಎಂಬುದು ಎಣ್ಣೆಯ ಆಮ್ಲ ಮತ್ತು ಸೋಡಿಯಂ ಸೇರಿ ಆದ ವಸ್ತು. ಗಡಸು ನೀರಿಗೆ ಸೋಪು ಬಿದ್ದೊಡನೆ ಸೋಡಿಯಂ ಜಾಗಕ್ಕೆ ಕ್ಯಾಲ್ಸಿಯಂ ಬಂದು ಸೇರುತ್ತದೆ. ಹೀಗಾದ ಕ್ಯಾಲ್ಸಿಯಂ ಸೋಪು ನೀರಿನಲ್ಲಿ ಕರಗುವುದಿಲ್ಲ, ನೊರೆ ಕೊಡುವುದಿಲ್ಲ, ಕೊಳೆ ತೆಗೆಯುವುದಿಲ್ಲ. ಬೂದು ಬಣ್ಣದ ಜಿಡ್ಡು ಗಸಿಯಾಗಿ ಬಟ್ಟೆಗೆ ಹತ್ತಿಕೊಳ್ಳುತ್ತದೆ. ಒಣಗಿದ ಮೇಲೆ ಎಳೆಗೆ ಎಳೆ ಅಂಟಿ ಬಟ್ಟೆ ಸೆಟೆಯುತ್ತದೆ. ಗಸಿ ಜಿಡ್ಡಿನದಾದ್ದರಿಂದ ಮೂತ್ರವೂ ಬಟ್ಟೆಯೊಳಗೆ ಬೇಗ ಇಳಿಯುವುದಿಲ್ಲ, ಕೂಸಿನ ಚರ್ಮದ ಮೇಲೆಯೇ ನಿಲ್ಲುತ್ತದೆ.

ಎಷ್ಟು ಸೋಪು ಹಾಳಾಗುತ್ತದೆ ಎಂಬುದನ್ನು ಲೆಕ್ಕ ಹಾಕಬಹುದು. ನೀರಿನ ಗಡಸುತನವನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೋನೇಟ್ ಎಂದು ಅಳೆಯುತ್ತಾರೆ. ಭಾರತೀಯ ಮಾನಕ ಬ್ಯೂರೋದ 2012ರ ಕುಡಿಯುವ ನೀರಿನ ಮಾನಕದಂತೆ ಲೀಟರಿಗೆ 200 ಮಿ.ಗ್ರಾಂ ವರೆಗೆ ಸ್ವೀಕಾರಾರ್ಹ, ಬೇರೆ ನೀರು ಇಲ್ಲದಿದ್ದಾಗ 600 ಮಿ.ಗ್ರಾಂ ವರೆಗೆ ಅನುಮತಿ ಇದೆ. ಆದರೆ ಕುಡಿಯಲು ಅನುಮತಿ ಇರುವ ನೀರೆಲ್ಲ ಬಟ್ಟೆಗೆ ಒಳ್ಳೆಯದೆಂದು ತಿಳಿಯಬಾರದು. ಒಂದು ಗ್ರಾಂ ಗಡಸು ಅಂಶವು ಸುಮಾರು 6 ಗ್ರಾಂ ಶುದ್ಧ ಸೋಪನ್ನು ಗಸಿಯಾಗಿಸುತ್ತದೆ. 400 ಮಿ.ಗ್ರಾಂ ಗಡಸುತನದ 20 ಲೀಟರ್ ನೀರಿನಲ್ಲಿ 8 ಗ್ರಾಂ ಗಡಸು ಅಂಶವಿರುತ್ತದೆ. ಅಂದರೆ ಆ ಒಂದು ಬಕೆಟ್ ನೀರು ಮೊದಲ ನೊರೆ ಬರುವುದರೊಳಗೆ ಸುಮಾರು 48 ಗ್ರಾಂ ಸೋಪನ್ನು ನುಂಗುತ್ತದೆ. ದುಡ್ಡು ಹೋಗುವುದಷ್ಟೇ ಅಲ್ಲ, ಆ ಸೋಪೆಲ್ಲ ಗಸಿಯಾಗಿ ಬಟ್ಟೆಗೇ ಸೇರುತ್ತದೆ.

ನಿಮ್ಮ ನೀರನ್ನು ಪರೀಕ್ಷಿಸಿರಿ

ಒಂದೇ ಅಳತೆಯ ಎರಡು ಗಾಜಿನ ಬಾಟಲಿ ತೆಗೆದುಕೊಳ್ಳಿರಿ. ಒಂದಕ್ಕೆ ಅರ್ಧದಷ್ಟು ಮಳೆ ನೀರು, ಇನ್ನೊಂದಕ್ಕೆ ಅಷ್ಟೇ ಬೋರವೆಲ್ ನೀರು ಹಾಕಿರಿ. ಎರಡಕ್ಕೂ ಮೈ ಸೋಪಿನ ಕಡಲೆ ಕಾಳಿನಷ್ಟು ತುಣುಕನ್ನು ಹೆರೆದು ಹಾಕಿ, ಮುಚ್ಚಿ, ಚೆನ್ನಾಗಿ ಕುಲುಕಿರಿ. ಮಳೆ ನೀರಿನಲ್ಲಿ ದಪ್ಪ ನೊರೆ ನಿಲ್ಲುತ್ತದೆ. ಇನ್ನೊಂದರಲ್ಲಿ ನೊರೆ ನಿಲ್ಲದೆ ನೀರು ಹಾಲಿನಂತೆ ಕದಡಿ ಮೇಲೆ ಗಸಿ ತೇಲಿದರೆ ಆ ನೀರು ಗಡಸು. ಈ ಪರೀಕ್ಷೆಗೆ ಡಿಟರ್ಜಂಟ್ ಪುಡಿ ಬಳಸಬಾರದು. ಅದು ಗಡಸು ನೀರಿನಲ್ಲಿಯೂ ನೊರೆ ಕೊಡುತ್ತದೆ.

ನಿಖರ ಅಂಕಿ ಬೇಕಾದವರು ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಮಾದರಿ ಕೊಡಬಹುದು. ನೀರಾವರಿಗೆ ಬಳಸುವ ಬೋರವೆಲ್ ನೀರನ್ನು ಪರೀಕ್ಷೆ ಮಾಡಿಸಿದ್ದರೆ ಆ ವರದಿಯಲ್ಲಿಯೂ ಕ್ಯಾಲ್ಸಿಯಂ ಮತ್ತು ಮೆಗ್ನೇಸಿಯಂ ಪ್ರಮಾಣ ಕೊಟ್ಟಿರುತ್ತಾರೆ.

ಮೆದು ನೀರು ಪಡೆಯುವ ಬಗೆ

1. ಮಳೆ ನೀರು: ಇದು ಎಲ್ಲಕ್ಕಿಂತ ಉತ್ತಮ. ಹಂಚಿನ ಅಥವಾ ತಗಡಿನ ಮಾಡಿನ 10 ಚದರ ಮೀಟರ್ ಜಾಗದ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ 200 ಲೀಟರ್ ನೀರು ಬೀಳುತ್ತದೆ. ಸೋರಿಕೆ ಕಳೆದು 160 ಲೀಟರ್ ಹಿಡಿದರೂ ದಿನಕ್ಕೆ 20 ಲೀಟರಿನಂತೆ ಎಂಟು ದಿನ ಸಾಕಾಗುತ್ತದೆ. ಮೊದಲ ಮಳೆಯ ನೀರಿನಲ್ಲಿ ಧೂಳು, ಹಕ್ಕಿಯ ಹಿಕ್ಕೆ ಇರುವುದರಿಂದ ಅದನ್ನು ಬಿಟ್ಟುಬಿಡಬೇಕು. ಪೀಪಾಯಿಯ ಬಾಯಿಗೆ ಬಟ್ಟೆ ಬಿಗಿಯಬೇಕು. ಇಲ್ಲವಾದರೆ ಡೆಂಗಿ ಹರಡುವ ಸೊಳ್ಳೆಗಳು ಅದರಲ್ಲಿ ಮೊಟ್ಟೆ ಇಡುತ್ತವೆ. ಮಣ್ಣಿನ ಮಾಳಿಗೆಯ ನೀರು ಕೆಂಪಾಗಿ ಬರುವುದರಿಂದ ಈ ಕೆಲಸಕ್ಕೆ ಬಾರದು.

2. ಕೆರೆ ಮತ್ತು ಹೊಳೆಯ ನೀರು: ಸಾಮಾನ್ಯವಾಗಿ ಇದು ಬೋರವೆಲ್ ನೀರಿಗಿಂತ ಮೆದು. ನವಲಗುಂದದ ಕಡೆಯ ಎರೆ ಸೀಮೆಯಲ್ಲಿ ಅಂತರ್ಜಲ ಸವಳಾಗಿರುವ ಊರುಗಳು ಕುಡಿಯುವುದಕ್ಕೆ ಕೆರೆಗಳನ್ನೇ ನೆಚ್ಚಿಕೊಂಡು ಬಂದಿವೆ. ಇಂಥ ಕೆರೆಯಿಂದ ನೀರನ್ನು ತಂದು ಮನೆಯಲ್ಲಿ ಒಗೆಯಬೇಕೇ ಹೊರತು ಕೂಸಿನ ಬಟ್ಟೆಯನ್ನು ಕೆರೆಗೆ ಒಯ್ಯಕೂಡದು. ಹುಬ್ಬಳ್ಳಿ-ಧಾರವಾಡದಲ್ಲಿ ಮಲಪ್ರಭಾ ಜಲಾಶಯದ ನಳದ ನೀರು ಮತ್ತು ಬೋರವೆಲ್ ನೀರು ಎರಡೂ ಇರುವ ಮನೆಗಳಲ್ಲಿ ನಳದ ನೀರನ್ನು ಕೂಸಿನ ಬಟ್ಟೆಗೆ ತೆಗೆದಿಡಬೇಕು.

3. ಒಗೆಯುವ ಸೋಡಾ: ಬೇರೆ ನೀರು ಸಿಗದ ಬೇಸಿಗೆಯಲ್ಲಿ ಬೋರವೆಲ್ ನೀರನ್ನೇ ಮೆದುಗೊಳಿಸಬಹುದು. ಕಿರಾಣಿ ಅಂಗಡಿಯಲ್ಲಿ ಸಿಗುವ ಒಗೆಯುವ ಸೋಡಾ ಎಂದರೆ ಸೋಡಿಯಂ ಕಾರ್ಬೋನೇಟ್. ಇದು ನೀರಿನ ಕ್ಯಾಲ್ಸಿಯಂ ಅನ್ನು ಹಿಡಿದು ಬಿಳಿ ಪುಡಿಯಾಗಿ ತಳಕ್ಕೆ ಇಳಿಸುತ್ತದೆ. 20 ಲೀಟರ್ ನೀರಿಗೆ ಬೇಕಾಗುವ ಪುಡಿ ಸೋಡಾದ ಪ್ರಮಾಣ ಹೀಗಿದೆ:

ಗಡಸುತನ ಲೀಟರಿಗೆ 200 ಮಿ.ಗ್ರಾಂ ಇದ್ದರೆ: ಸುಮಾರು 4 ಗ್ರಾಂ
ಗಡಸುತನ ಲೀಟರಿಗೆ 400 ಮಿ.ಗ್ರಾಂ ಇದ್ದರೆ: ಸುಮಾರು 8.5 ಗ್ರಾಂ
ಗಡಸುತನ ಲೀಟರಿಗೆ 600 ಮಿ.ಗ್ರಾಂ ಇದ್ದರೆ: ಸುಮಾರು 13 ಗ್ರಾಂ

ಸೋಡಾ ಪುಡಿಯಾಗಿರದೆ ಹರಳಾಗಿದ್ದರೆ ಅದರಲ್ಲಿ ನೀರಿನ ಅಂಶ ಹೆಚ್ಚು. ಆಗ ಇದರ ಎರಡೂಮುಕ್ಕಾಲು ಪಟ್ಟು ಬೇಕಾಗುತ್ತದೆ. ಗಡಸುತನದ ಅಂಕಿ ಗೊತ್ತಿಲ್ಲದವರು 20 ಲೀಟರಿಗೆ ಚಹಾ ಚಮಚದ ಒಂದು ಸಮ ಅಳತೆ, ಅಂದರೆ ಸುಮಾರು 5 ಗ್ರಾಂ ಪುಡಿಯಿಂದ ಆರಂಭಿಸಬೇಕು. ಸೋಡಾ ಕದಡಿ, ರಾತ್ರಿಯಿಡೀ ಮುಚ್ಚಿಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನು ಬಾಟಲಿಯಲ್ಲಿ ಕುಲುಕಿ ನೋಡಿರಿ. ನೊರೆ ನಿಲ್ಲದಿದ್ದರೆ ಮರುದಿನ ಅರ್ಧ ಚಮಚ ಹೆಚ್ಚಿಸಿರಿ. ನೊರೆ ನಿಂತ ಪ್ರಮಾಣವೇ ನಿಮ್ಮ ನೀರಿಗೆ ಸರಿಯಾದ ಪ್ರಮಾಣ. ಮೂರು ಚಮಚ ಮೀರಬಾರದು. ತಿಳಿ ನೀರನ್ನಷ್ಟೇ ಬಗ್ಗಿಸಿಕೊಂಡು, ತಳದ ನಾಲ್ಕು ಬೆರಳು ನೀರನ್ನು ಗಸಿಯೊಡನೆ ಬಿಡಬೇಕು. ಸೋಡಾ ಮತ್ತು ಸೋಪನ್ನು ಒಮ್ಮೆಗೇ ಹಾಕಿದರೆ ಗಸಿ ಬಟ್ಟೆಗೇ ಸೇರುತ್ತದೆ.

ಅಡಿಗೆ ಸೋಡಾದಿಂದ ಈ ಕೆಲಸ ಆಗುವುದಿಲ್ಲ. ಕಾಸ್ಟಿಕ್ ಸೋಡಾ ಚರ್ಮವನ್ನು ಸುಡುತ್ತದೆ, ಅದನ್ನು ಮುಟ್ಟಲೇಬಾರದು. ಒಗೆಯುವ ಸೋಡಾವನ್ನೂ ಮಕ್ಕಳ ಕೈಗೆ ಸಿಗದಂತೆ, ಉಪ್ಪು ಸಕ್ಕರೆಯ ಡಬ್ಬಿಗಳಿಂದ ದೂರ ಇಡಬೇಕು. ಹಿಂದಿನವರು ಬಳಸುತ್ತಿದ್ದ ಬೂದಿ ನೀರು ಮತ್ತು ಸವಳು ಮಣ್ಣಿನ ಗುಣವೂ ಇದೇ ಬಗೆಯದು. ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೋನೇಟ್, ಸವಳು ಮಣ್ಣಿನಲ್ಲಿ ಸೋಡಿಯಂ ಕಾರ್ಬೋನೇಟ್ ಇರುತ್ತದೆ. ಹಿರಿಯರ ಅನುಭವ ಸರಿಯಾದದ್ದೇ. ಆದರೆ ಅವುಗಳ ತೀಕ್ಷ್ಣತೆಯನ್ನು ಅಳೆಯಲು ಬಾರದಿರುವುದರಿಂದ ಎಳೆ ಕೂಸಿನ ಬಟ್ಟೆಗೆ ಬೇಡ.

ಒಗೆಯುವ ಕ್ರಮ

ಮೊದಲನೆಯ ಹಂತ: ಮೂತ್ರದ ಬಟ್ಟೆಯನ್ನು ಕೂಡಲೇ ಬರೀ ನೀರಿನಲ್ಲಿ ಹಿಂಡಿ ಇಡಬೇಕು. ಹೊಲಕ್ಕೆ ಹಾಕುವ ಯೂರಿಯಾ ಮತ್ತು ಮೂತ್ರದಲ್ಲಿರುವ ಯೂರಿಯಾ ಒಂದೇ ವಸ್ತು. ಸೂಕ್ಷ್ಮಜೀವಿಗಳು ಅದನ್ನು ಒಡೆದಾಗ ಅಮೋನಿಯಾ ಹುಟ್ಟುತ್ತದೆ. ದನದ ಕೊಟ್ಟಿಗೆಯಲ್ಲಿ ಮೂಗಿಗೆ ಹೊಡೆಯುವ ಘಾಟು ಇದೇ. ಒದ್ದೆ ಲಂಗೋಟಿಗಳನ್ನು ರಾತ್ರಿಯಿಡೀ ಮೂಲೆಯಲ್ಲಿ ಗುಡ್ಡೆ ಹಾಕಿದರೆ ಇದೇ ಕ್ರಿಯೆ ನಡೆಯುತ್ತದೆ.

ಎರಡನೆಯ ಹಂತ: ಮಲವನ್ನು ಶೌಚಾಲಯಕ್ಕೆ ತೊಳೆದು ಬಿಡಬೇಕು. ಎಳೆ ಕೂಸಿನ ಮಲ ನಿರುಪದ್ರವಿ ಎಂಬ ಭಾವನೆ ತಪ್ಪು. ಭೇದಿ ಹರಡುವ ರೋಗಾಣುಗಳು ಅದರಲ್ಲಿಯೂ ಇರುತ್ತವೆ. ಗಟಾರಕ್ಕೆ, ತಿಪ್ಪೆಗೆ ಚೆಲ್ಲಬಾರದು. ಮಲದ ಕಲೆಯನ್ನು ತಣ್ಣೀರಿನಲ್ಲಿಯೇ ತೊಳೆಯಬೇಕು. ಬಿಸಿ ನೀರು ತಾಗಿದರೆ ಕಲೆ ಕಚ್ಚುತ್ತದೆ. ತೊಳೆದ ಮೇಲೆ ಕೈಗೆ ಸೋಪು ಹಚ್ಚಿ ತೊಳೆದುಕೊಳ್ಳಬೇಕು.

ಮೂರನೆಯ ಹಂತ: 20 ಲೀಟರ್ ಮೆದು ನೀರಿದ್ದರೆ ಅದನ್ನು ಎರಡು ಪಾಲು ಮಾಡಬೇಕು. ಒಂದು ಪಾಲನ್ನು ಬಿಸಿ ಮಾಡಿ, ನೊರೆ ನಿಲ್ಲುವಷ್ಟೇ ಸೋಪು ಕರಗಿಸಿ, ಬಟ್ಟೆ ಅರ್ಧ ಗಂಟೆ ನೆನೆಸಿ, ಕೈಯಿಂದ ತಿಕ್ಕಿ ಒಗೆಯಬೇಕು. ಕಲ್ಲಿಗೆ ಎತ್ತಿ ಬಡಿದರೆ ನೂಲು ಹರಿಯುತ್ತದೆ. ವಾರಕ್ಕೊಮ್ಮೆ, ಕೂಸಿಗೆ ಭೇದಿಯಾದಾಗ ದಿನವೂ, ಈ ನೀರಿನಲ್ಲಿಯೇ ಹತ್ತು ನಿಮಿಷ ಕುದಿಸಬೇಕು. ಗಡಸು ನೀರಿನಲ್ಲಿ ಕುದಿಸಿದರೆ ಹಂಡೆಗೆ ಕಟ್ಟುವ ಸುಣ್ಣ ಬಟ್ಟೆಗೂ ಕಟ್ಟುತ್ತದೆ.

ನಾಲ್ಕನೆಯ ಹಂತ: ಉಳಿದ ಮೆದು ನೀರಿನಲ್ಲಿ ಮೊದಲ ಜಾಲಾಡಿಕೆ ಮಾಡಬೇಕು. ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಸೋಪು ತುಂಬಿದ ಬಟ್ಟೆಯನ್ನು ನೇರವಾಗಿ ಗಡಸು ನೀರಿಗೆ ಅದ್ದಿದರೆ ಆ ಕ್ಷಣವೇ ನೂಲಿನೊಳಗೆ ಗಸಿ ಕಟ್ಟುತ್ತದೆ. ಮೆದು ನೀರಿನಲ್ಲಿ ಸೋಪು ಬಿಟ್ಟ ಮೇಲೆ ಉಳಿದ ಎರಡು ಜಾಲಾಡಿಕೆಗೆ ಬೋರವೆಲ್ ನೀರನ್ನು ಬಳಸಬಹುದು. ಮಳೆಗಾಲದಲ್ಲಿ ಎಲ್ಲವನ್ನೂ ಮಳೆ ನೀರಿನಲ್ಲಿಯೇ ಮಾಡಿದರೆ ಇನ್ನೂ ಒಳ್ಳೆಯದು. ಕೊನೆಯ ಹಿಂಡಿದ ನೀರನ್ನು ಬಾಟಲಿಯಲ್ಲಿ ಕುಲುಕಿದಾಗ ನೊರೆ ಬಾರದಿದ್ದರೆ ಸೋಪು ಪೂರ್ತಿ ಹೋಗಿದೆ ಎಂದು ತಿಳಿಯಬೇಕು.

ಡಿಟರ್ಜಂಟ್ ಪುಡಿ ಸೋಪಿನಷ್ಟು ಗಸಿ ಕಟ್ಟುವುದಿಲ್ಲ. ಆದರೆ ಬಟ್ಟೆಯಲ್ಲಿ ಉಳಿದರೆ ಎಳೆ ಚರ್ಮಕ್ಕೆ ಉರಿ ತರಬಹುದು. ಬಳಸುವವರು ಸುವಾಸನೆ ಇಲ್ಲದ್ದನ್ನು ಸ್ವಲ್ಪ ಪ್ರಮಾಣದಲ್ಲಿ ಬಳಸಿ ಒಂದು ಜಾಲಾಡಿಕೆ ಹೆಚ್ಚು ಮಾಡಬೇಕು. ಅಂಟವಾಳ ಕಾಯಿಯ ನೊರೆಗೆ ಕಾರಣವಾದ ಸ್ಯಾಪೊನಿನ್ ಗಡಸು ನೀರಿನಲ್ಲಿ ಸೋಪಿನಂತೆ ಗಸಿ ಕಟ್ಟುವುದಿಲ್ಲ. ಬೀಜ ತೆಗೆದ ಸಿಪ್ಪೆಯನ್ನು ಬಿಸಿ ನೀರಿನಲ್ಲಿ ನೆನೆಸಿ ಸೋಸಿದ ರಸ ಮೂತ್ರದ ಬಟ್ಟೆಗೆ ಸಾಕು, ಮಲದ ಕಲೆಗೆ ಸಾಲದು. ಕಣ್ಣಿಗೆ ಸಿಡಿಯದಂತೆ ಎಚ್ಚರ ವಹಿಸಬೇಕು.

ಬಟ್ಟೆಗೆ ಗಂಜಿ ಹಾಕಬಾರದು. ಮೆತ್ತಗಾಗಲೆಂದು ಅಂಗಡಿಯಲ್ಲಿ ಮಾರುವ ದ್ರಾವಣಗಳು ಎಳೆಯ ಮೇಲೆ ತೆಳು ಲೇಪ ಕಟ್ಟುತ್ತವೆ. ಕೈಗೆ ಮೆತ್ತಗೆನಿಸಿದರೂ ಬಟ್ಟೆಯ ಹೀರುವ ಶಕ್ತಿ ಕುಗ್ಗುತ್ತದೆ. ಒಣಗಿದ ಲಂಗೋಟಿಯ ಮೇಲೆ ಒಂದು ಹನಿ ನೀರು ಬಿಡಿರಿ. ತಕ್ಷಣ ಇಂಗಿದರೆ ಬಟ್ಟೆ ಚೆನ್ನಾಗಿದೆ. ಕೆಸುವಿನ ಎಲೆಯ ಮೇಲಿನಂತೆ ಹನಿ ನಿಂತರೆ ಜಿಡ್ಡು ಕಟ್ಟಿದೆ.

ಈಗಾಗಲೇ ಬಿರುಸಾದ ಬಟ್ಟೆಗೆ ಪರಿಹಾರ

ಇಂಥ ಬಟ್ಟೆಯನ್ನು ಎಸೆಯಬೇಕಿಲ್ಲ. 5 ಲೀಟರ್ ನೀರಿಗೆ 200 ಮಿಲಿಲೀಟರ್ ಬಿಳಿ ವಿನೆಗರ್ ಬೆರೆಸಿ ಬಟ್ಟೆಯನ್ನು ಅರ್ಧ ಗಂಟೆ ನೆನೆಸಬೇಕು. ಹುಳಿಯು ಕ್ಯಾಲ್ಸಿಯಂ ಅನ್ನು ಕರಗಿಸುತ್ತದೆ, ಆದರೆ ಗಸಿಯ ಎಣ್ಣೆಯ ಅಂಶ ಬಟ್ಟೆಯಲ್ಲಿಯೇ ಉಳಿಯುತ್ತದೆ. ಆದ್ದರಿಂದ ಒಮ್ಮೆ ಜಾಲಾಡಿ, ನಂತರ 5 ಲೀಟರ್ ಬಿಸಿ ಮೆದು ನೀರಿಗೆ ಒಂದು ಚಮಚ ಸೋಡಾ ಮತ್ತು ಸ್ವಲ್ಪ ಸೋಪು ಹಾಕಿ ಒಗೆಯಬೇಕು. ಆಮೇಲೆ ಮೇಲೆ ಹೇಳಿದಂತೆ ಜಾಲಾಡಬೇಕು. ಬಹಳ ಬಿರುಸಾಗಿದ್ದರೆ ಎರಡು ಸಲ ಮಾಡಬೇಕಾಗಬಹುದು. ವಿನೆಗರ್ ಮತ್ತು ಬ್ಲೀಚಿಂಗ್ ಪುಡಿಯನ್ನು ಎಂದಿಗೂ ಬೆರೆಸಬಾರದು. ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ಒಣಗಿಸುವ ರೀತಿ

ಚೆನ್ನಾಗಿ ಒಗೆದ ಹತ್ತಿ ಬಟ್ಟೆಯೂ ಗಾಳಿಯಾಡದೆ ಒಣಗಿದರೆ ಸೆಟೆಯುತ್ತದೆ. ಒಣಗಿದಂತೆ ಕಂಡ ನೂಲಿನ ಮೇಲೆಯೂ ಅಲ್ಪ ನೀರು ಬಿಗಿಯಾಗಿ ಉಳಿದು ಎಳೆಗಳನ್ನು ಅಂಟಿನಂತೆ ಬೆಸೆಯುತ್ತದೆ ಎಂಬುದನ್ನು ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯ ಮತ್ತು ಕಾವೊ ಕಂಪನಿಯ ಸಂಶೋಧಕರು 2020ರಲ್ಲಿ ಪ್ರಕಟಿಸಿದರು. ಆದ್ದರಿಂದ ಹಾಕುವ ಮುನ್ನ ಬಟ್ಟೆಯನ್ನು ನಾಲ್ಕೈದು ಸಲ ಜೋರಾಗಿ ಜಾಡಿಸಬೇಕು. ಗಾಳಿ ಬೀಸುವ ಕಡೆ ಹಗ್ಗದ ಮೇಲೆ ಹಾಕಬೇಕು. ಮುಕ್ಕಾಲು ಭಾಗ ಒಣಗಿದಾಗ ತೆಗೆದು, ಎರಡೂ ಕೈಯಿಂದ ಉಜ್ಜಿ, ಮತ್ತೆ ಹಾಕಬೇಕು. ಬಿಸಿಲು ರೋಗಾಣುಗಳನ್ನು ಕಡಿಮೆ ಮಾಡುತ್ತದೆ. ಆಷಾಢ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಪಡಸಾಲೆಯಲ್ಲಿ ಬಿಡಿಬಿಡಿಯಾಗಿ ಹರವಿ, ಪೂರ್ತಿ ಒಣಗಿಸಲು ಇಸ್ತ್ರಿ ಮಾಡಬೇಕು. ಒಲೆಯ ಹೊಗೆಯ ಮೇಲೆ ಹಾಕಬಾರದು.

ಔಷಧಿ ಸಿಂಪಡಿಸುವ ಮನೆಗಳಲ್ಲಿ ಎಚ್ಚರಿಕೆ

ಹತ್ತಿ, ಮೆಣಸಿನಕಾಯಿ ಬೆಳೆಯುವ ಮನೆಗಳಲ್ಲಿ ಕೀಟನಾಶಕದ ಬಳಕೆ ಇದ್ದೇ ಇರುತ್ತದೆ. ಕೂಸಿನ ತೆಳು ಚರ್ಮದ ಮೂಲಕ ವಿಷ ಒಳಗೆ ಇಳಿಯಬಲ್ಲದು. ಆದ್ದರಿಂದ ಮನೆಯ ಗಂಡಸರು ಈ ಮಾತುಗಳನ್ನು ಅವಶ್ಯವಾಗಿ ಪಾಲಿಸಬೇಕು:

1. ಕೀಟನಾಶಕದ ಖಾಲಿ ಡಬ್ಬಿ, ಕ್ಯಾನು, ಪೀಪಾಯಿಗಳನ್ನು ಎಷ್ಟೇ ತೊಳೆದರೂ ಬಟ್ಟೆ ನೆನೆಸಲು ಅಥವಾ ಮಳೆ ನೀರು ಹಿಡಿಯಲು ಬಳಸಬಾರದು.
2. ಔಷಧಿ ಕಲಸಿದ ಬಕೆಟ್ಟನ್ನು ಬೇರೆಯೇ ಇಟ್ಟು ಗುರುತು ಮಾಡಬೇಕು.
3. ಸಿಂಪಡಣೆಯ ದಿನ ತೊಟ್ಟ ಬಟ್ಟೆಯನ್ನು ಕೂಸಿನ ಬಟ್ಟೆಯೊಡನೆ ನೆನೆಸಬಾರದು, ಒಗೆಯಬಾರದು, ಒಂದೇ ಹಗ್ಗದ ಮೇಲೆ ಹಾಕಬಾರದು.
4. ಸಿಂಪಡಿಸಿ ಬಂದವರು ಸೋಪು ಹಚ್ಚಿ ಸ್ನಾನ ಮಾಡಿ, ಬಟ್ಟೆ ಬದಲಿಸಿದ ಮೇಲೆಯೇ ಕೂಸನ್ನು ಎತ್ತಿಕೊಳ್ಳಬೇಕು.
5. ಹೊಲದಲ್ಲಿ ವಾಸಿಸುವವರು ಸಿಂಪಡಣೆ ನಡೆದಾಗ ಲಂಗೋಟಿಗಳನ್ನು ಒಳಗೆ ತರಬೇಕು. ಗಾಳಿಯಲ್ಲಿ ತೇಲಿ ಬರುವ ಹನಿ ಕಣ್ಣಿಗೆ ಕಾಣುವುದಿಲ್ಲ.

ಒಗೆದ ನೀರನ್ನು ಏನು ಮಾಡಬೇಕು?

ಸೋಪು ಹಾಕುವ ಮೊದಲಿನ, ಬರೀ ಮೂತ್ರ ಜಾಲಾಡಿದ ನೀರನ್ನು ತೆಂಗು, ಬಾಳೆಯ ಬುಡಕ್ಕೆ ಹಾಕಬಹುದು. ಅದರಲ್ಲಿ ಸಾರಜನಕವಿದೆ. ಆದರೆ ಸೋಡಾ ಮತ್ತು ಸೋಪಿನ ನೀರನ್ನು ದಿನವೂ ಒಂದೇ ಕಾಯಿಪಲ್ಲೆ ಮಡಿಗೆ ಬಿಡಬಾರದು. ಕ್ಯಾಲ್ಸಿಯಂ ಹೋಗಿ ಸೋಡಿಯಂ ಬರುವುದು ಲಂಗೋಟಿಗೆ ಹಿತ, ಹೊಲಕ್ಕೆ ಅಹಿತ. ಮಣ್ಣು ಹಿಡಿದಿಟ್ಟುಕೊಂಡ ಧನ ಅಯಾನುಗಳಲ್ಲಿ ಸೋಡಿಯಂ ಪಾಲು ಶೇ. 15 ಮೀರಿದರೆ ಅದು ಕ್ಷಾರ ಭೂಮಿಯಾಗುತ್ತದೆ. ಎರೆಮಣ್ಣಿನ ಕಣಗಳು ಚದುರಿ, ರಂಧ್ರ ಮುಚ್ಚಿ, ನೀರು ಇಂಗುವುದು ನಿಲ್ಲುತ್ತದೆ. ಅಂಥ ಭೂಮಿಗೆ ಜಿಪ್ಸಂ ಹಾಕುವುದೇ ಕ್ಯಾಲ್ಸಿಯಂ ಅನ್ನು ಮರಳಿ ಕೊಡುವುದಕ್ಕಾಗಿ. ಆದ್ದರಿಂದ ಈ ನೀರನ್ನು ಬಾವಿಯಿಂದ ದೂರವಿರುವ ಇಂಗುಗುಂಡಿಗೆ ಬಿಡಬೇಕು.

ಬಟ್ಟೆಯ ಆಯ್ಕೆ

ಲಂಗೋಟಿಗೆ ಅಪ್ಪಟ ಹತ್ತಿಯೇ ಆಗಬೇಕು. ಅಂಚಿನ ಒಂದು ಎಳೆಯನ್ನು ಸುಟ್ಟು ನೋಡಿರಿ. ಕಾಗದದಂತೆ ಉರಿದು ಬೂದಿಯಾದರೆ ಹತ್ತಿ, ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್ ಬೆರಕೆ. ಹೊಸ ಬಟ್ಟೆಯಲ್ಲಿ ಗಂಜಿ ಮತ್ತು ಮೇಣದ ಅಂಶವಿರಬಹುದು. ನಾಲ್ಕೈದು ಸಲ ಬಿಸಿ ಮೆದು ನೀರಿನಲ್ಲಿ ಒಗೆದು ಹನಿ ಪರೀಕ್ಷೆ ಮಾಡಿ ಬಳಸಬೇಕು. 1972ರಲ್ಲಿ ವರಲಕ್ಷ್ಮಿ, 1981ರಲ್ಲಿ ಡಿ.ಸಿ.ಎಚ್.-32 ಹೈಬ್ರಿಡ್ ತಳಿಗಳು ಬಂದದ್ದು ಧಾರವಾಡದ ಹತ್ತಿ ಸಂಶೋಧನೆಯಿಂದಲೇ. ಅಷ್ಟು ಉದ್ದ ಎಳೆಯ, ನಯವಾದ ಹತ್ತಿ ಬೆಳೆದ ನೆಲದಲ್ಲಿ ಕೂಸಿಗೆ ಬಿರುಸು ಬಟ್ಟೆ ಸುತ್ತುವ ಪ್ರಸಂಗ ಬರಬಾರದು.

ಲಂಗೋಟಿ ಎಷ್ಟೇ ಮೆತ್ತಗಿದ್ದರೂ ಒದ್ದೆಯಾದೊಡನೆ ಬದಲಿಸುವುದು ಅವಶ್ಯ. ಕೆಂಪು ಗುಳ್ಳೆಗಳು ಎರಡು ಮೂರು ದಿನಗಳಲ್ಲಿ ಇಳಿಯದಿದ್ದರೆ, ಕೀವು ಕಟ್ಟಿದರೆ ಅಥವಾ ಜ್ವರ ಬಂದರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು.

ನೆನಪಿಡಬೇಕಾದದ್ದು ಇಷ್ಟು: ನೀರನ್ನು ಮೊದಲು ಮೆದು ಮಾಡಿರಿ, ಸೋಪನ್ನು ಕಡಿಮೆ ಮಾಡಿರಿ, ಮೊದಲ ಜಾಲಾಡಿಕೆಯನ್ನು ಮೆದು ನೀರಿನಲ್ಲಿ ಮಾಡಿರಿ, ಜಾಡಿಸಿ ಬಿಸಿಲು ಗಾಳಿಗೆ ಹಾಕಿರಿ, ಔಷಧಿಯ ಡಬ್ಬಿಯನ್ನು ದೂರ ಇಡಿರಿ. ಬಾಣಂತಿಯ ಮತ್ತು ಮನೆಯ ಹಿರಿಯ ಹೆಣ್ಣುಮಕ್ಕಳ ಶ್ರಮ ಇದರಿಂದ ಕಡಿಮೆಯಾಗುತ್ತದೆ. ಮುಂದಿನ ಮಳೆಗೆ ಮೊದಲು ಮಾಡಿನ ಅಂಚಿಗೆ ಒಂದು ದೋಣಿ ಕಟ್ಟಿ, ಸ್ವಚ್ಛವಾದ ಪೀಪಾಯಿ ಇಡುವ ಕೆಲಸವನ್ನು ಮನೆಯ ಯಜಮಾನರು ತಮ್ಮ ಮೇಲೆ ಹಾಕಿಕೊಳ್ಳಲಿ.